ನೀರೊಲೆಯ ಹಾಲಿನ ಕವರು

ಹಲಗೂರಿನ ನಮ್ಮ ಮನೆಯ ನೀರೊಲೆ ಹಚ್ಚಲು ನಾನು ಬಳಸುತ್ತಿದ್ದುದು ಹಾಲಿನ ಕವರು. ಒಂದು ಕಡ್ಡಿ ಗೀರಿದರೆ ಸಾಕು, ಹಸಿ ತೆಂಗಿನ ಮಟ್ಟೆಯೂ ಹತ್ತಿಕೊಳ್ಳುತ್ತಿತ್ತು. ಕವರುಗಳನ್ನು ಬಚ್ಚಲ ಗೋಡೆಯ ಮೊಳೆಗೆ ಸಿಕ್ಕಿಸಿ ಕೂಡಿಡುತ್ತಿದ್ದೆ. ಮನೆವಾರ್ತೆಯಲ್ಲಿ ನನ್ನಷ್ಟು ಜಾಣೆ ಇಲ್ಲವೆಂಬ ಜಂಬ ಬೇರೆ. ಬಚ್ಚಲ ಪಕ್ಕದ ಕೋಣೆಯಲ್ಲಿ ಮಲಗುವ ನನ್ನ ಅತ್ತೆಗೆ ಉಬ್ಬಸ. ಬೆಳಗಾದರೆ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿಬಿಡುತ್ತಿದ್ದರು. ವಯಸ್ಸಾಯಿತು, ಏನು ಮಾಡುವುದು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅತ್ತೆಗೆ ಉಸಿರೇ ಕಟ್ಟಿ ಮಂಡ್ಯಕ್ಕೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಅವರ ಎದೆ ಪರೀಕ್ಷಿಸಿ, "ಒಲೆಗೆ ಏನು ಹಾಕ್ತೀರಮ್ಮಾ?" ಎಂದು ನನ್ನನ್ನು ಕೇಳಿದರು. ಹೇಳಿದೆ. "ಆ ಹೊಗೆ ಇವರಿಗೆ ವಿಷ. ಇನ್ನೊಂದು ಸಲ ಹೀಗೆ ಉಸಿರು ಕಟ್ಟಿದರೆ ಉಳಿಸೋದು ಕಷ್ಟ" ಎಂದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸುಡಬಾರದು ಸರಿ, ಹಾಕುವುದೆಲ್ಲಿ? ಊರ ಕೊನೆಯ ಕೇರಿಯ ಬುದ್ಧ ವಿಹಾರದವರು ಭಾನುವಾರ ವಂದನೆ ಮುಗಿಸಿ, ಪ್ಲಾಸ್ಟಿಕ್ಕು, ಕಾಗದ, ಬಾಟಲಿ ಬೇರೆ ಮಾಡಿ ಗುಜರಿಗೆ ಕಳಿಸುತ್ತಾರೆಂದು ಕೇಳಿದ್ದೆ. ನಮ್ಮ ಬೀದಿಯವರು ಆ ಕೇರಿಗೆ ಹೋಗುವುದು ವೋಟು ಕೇಳಲು ಮಾತ್ರ. ನಾನು ಚೀಲ ಒಯ್ದು ವಿಹಾರದ ಗೇಟಿನ ಹತ್ತಿರ ಇಟ್ಟು, "ತಗೊಳ್ರಪ್ಪಾ" ಎಂದು ಕೂಗಿ ತಿರುಗಿದೆ.

ಕಸ ವಿಂಗಡಿಸುತ್ತಿದ್ದ ಅಂಗನವಾಡಿ ಟೀಚರು ಎದ್ದು ಬಂದರು. "ಅಕ್ಕಾ, ಇಟ್ಬುಟ್ಟು ಓಗಂಗಿಲ್ಲ. ನಿಮ್ಮನೆ ಕಸ ನೀವೇ ಕುಂತು ಬೇರೆ ಮಾಡ್ಬೇಕು. ಬೇರೇರ್ ಕಸ ಎತ್ತೋದು ನಮ್ ತಾತನ ಕಾಲ್ಕೇ ಮುಗೀತು."

ನನಗೆ ಮೂಗಿನ ತುದಿಯಲ್ಲೇ ಕೋಪ. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತೆ. ನನ್ನ ಕವರುಗಳೇ ಎಲ್ಲಕ್ಕಿಂತ ಹೆಚ್ಚು ನಾತ ಹೊಡೆಯುತ್ತಿದ್ದವು. "ಮುಂದಿನ್ವಾರ ತೊಳ್ದು ಒಣಗಾಕಂಡು ಬನ್ನಿ" ಎಂದು ನಕ್ಕು ಟೀಚರು ಟೀ ಕೊಟ್ಟರು. ಕುಡಿದೆ.

ಈಗ ಒಲೆಗೆ ಒಣ ತೆಂಗಿನ ಗರಿ, ಅದೂ ಬಚ್ಚಲ ಕಿಟಕಿ ತೆರೆದು. ಮೊಳೆಯಲ್ಲಿ ತೊಳೆದ ಕವರು ಒಣಗುತ್ತವೆ. ನಮ್ಮ ಬೀದಿಯ ಕೆಲವರು ಭಾನುವಾರ ನನ್ನ ಜೊತೆ ಬರುತ್ತಾರೆ. ಬಾರದವರನ್ನು ಬೈದು ಎಳೆದೊಯ್ಯುತ್ತೇನೆ.

ಮೊನ್ನೆ ಬೆಳಿಗ್ಗೆ ಒಲೆ ಹಚ್ಚಿ ಎಷ್ಟು ಹೊತ್ತಾದರೂ ಅತ್ತೆಯ ಕೆಮ್ಮು ಕೇಳಿಸಲಿಲ್ಲ. ಕೋಣೆಗೆ ಓಡಿ ಅವರ ಮೂಗಿನ ಹತ್ತಿರ ಕೈ ಹಿಡಿದೆ. ಅತ್ತೆ ಕಣ್ಣು ಬಿಟ್ಟರು.

"ಸತ್ತೋದ್ಲಾ ಅಂತ ನೋಡ್ತಿದ್ದೀಯಾ? ನಿದ್ದೆ ಮಾಡಕ್ ಬುಡು ಕಣಮ್ಮಿ" ಎಂದು ಮಗ್ಗುಲು ಹೊರಳಿದರು.