ಮೀನು ಹೇರಿದ ಟೆಂಪೋದ ಲೈಟು

ನಮ್ಮವರು ಬೊಂಬಾಯಿಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದಾಗ ನನಗಾದ ಸಂತೋಷವನ್ನು ನಾನು ಯಾರಿಗೂ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ನಮ್ಮ ಕೇರಿಯ ಹೆಂಗಸರು ಬಿಡುತ್ತಾರೆಯೇ? ಬಾವಿಕಟ್ಟೆಯಿಂದ ದೋಣಿ ನಿಲ್ಲುವ ಧಕ್ಕೆಯ ತನಕ ಅದೇ ಮಾತಾಗುತ್ತದೆ. ಮದುವೆಯಾದಾಗಿನಿಂದ ನನಗೆ ಗಂಡ ಎಂದರೆ ಮಳೆಗಾಲದಲ್ಲಿ ಬಂದು, ಮಕ್ಕಳಿಗೆ ಹೊಸ ಅಂಗಿ ಕೊಟ್ಟು, ಮಕ್ಕಳಿಗೆ ಅಪ್ಪನ ಗುರುತು ಹತ್ತುವಷ್ಟರಲ್ಲಿ ಮತ್ತೆ ಬಸ್ಸು ಹತ್ತುವ ಮನುಷ್ಯ. ತೊಂಬತ್ತೇಳರಲ್ಲಿ ಬಂದವರು ಟ್ರಂಕನ್ನು ಅಟ್ಟಕ್ಕೇರಿಸಿ, "ಇನ್ ಹೋತಿಲ್ಲೆ" ಎಂದರು.

"ಹೋಪ್ದಾರೆ ಈಗ್ಳೇ ಹೇಳಿ, ಅಕ್ಕಿ ಅಳತಿ ಮಾಡುಕಿತ್ತ್" ಎಂದು ನಾನು ಒಲೆಯ ಕಡೆ ತಿರುಗಿಕೊಂಡು ಸಿಡುಕಿದೆ. ಒಳಗೊಳಗೇ ದೇವರಿಗೆ ಕೈ ಮುಗಿದದ್ದು ಅವರಿಗೇನು ಗೊತ್ತು!

ಕೈಯಲ್ಲಿದ್ದುದನ್ನೆಲ್ಲ ಹಾಕಿ ಒಂದು ಹಳೆಯ ಟೆಂಪೋ ತಗೊಂಡರು. ಹಂಗಾರಕಟ್ಟೆಯ ಧಕ್ಕೆಗೆ ಸಂಜೆ ಬರುವ ದೋಣಿಗಳ ಮೀನನ್ನು ಐಸು ಹಾಕಿ ಪೆಟ್ಟಿಗೆಗಳಲ್ಲಿ ತುಂಬಿ ಶಿರೂರಿಗೆ ಮುಟ್ಟಿಸುವ ಕೆಲಸ. ಆಗ ಹೆದ್ದಾರಿ ಈಗಿನ ಹಾಗೆ ಅಗಲವಿರಲಿಲ್ಲ. ಹೋಗುವವರಿಗೂ ಬರುವವರಿಗೂ ಅದೊಂದೇ ರಸ್ತೆ, ನಡುವೆ ತಡೆ ಎಂಬುದೇ ಇಲ್ಲ. ಎದುರಿನವನ ಲೈಟು ನೇರ ನಿಮ್ಮ ಕಣ್ಣಿಗೇ.

ಶುರುವಾದ ಕೆಲವೇ ದಿನಗಳಲ್ಲಿ ಅವರ ಮುಖ ಸಪ್ಪಗಾಯಿತು. ಊಟಕ್ಕೆ ಕೂತವರು ಅನ್ನ ಕಲಸುತ್ತಾ, "ಎದ್ರ್ ಬಪ್ಪವ್ರೆಲ್ಲ ಲೈಟ್ ಹೊಡ್ದ್ ಹೊಡ್ದ್ ಬೈತ್ರ್ ಮಾರಾಯ್ತಿ. ನಾನ್ ಡಿಮ್ಮಲ್ಲೇ ಇಟ್ಕಂಡಿದ್ದೆ, ಆದ್ರೂ ಬೈತ್ರ್" ಎಂದರು.

"ನಿಮ್ ಮುಖ ಕಂಡೇ ಬೈದದ್ದ್" ಎಂದೆ ನಾನು. ಅವರು ನಗಲಿಲ್ಲ.

ಬ್ರಹ್ಮಾವರದಲ್ಲಿ ಅವರಿಗೆ ಗುರುತಿನ ಮೆಕ್ಯಾನಿಕ್ ಒಬ್ಬರಿದ್ದರು. ಕೆಲಸದಲ್ಲಿ ಎತ್ತಿದ ಕೈ, ಆದರೆ ಮಹಾ ಮಡಿವಂತಿಕೆಯ ಮನುಷ್ಯ. ಗ್ಯಾರೇಜಿನ ನೆಲಕ್ಕೆ ಮೀನಿನ ನೀರು ಒಂದು ಹನಿ ಬೀಳುವ ಹಾಗಿಲ್ಲ. "ಪೆಟ್ಟಿಗಿ ಇಳ್ಸಿ, ಗಾಡಿ ತೊಳ್ದ್, ವಾಸ್ನಿ ಹೋದ್ಮೇಲೆ ತಕಂಡ್ ಬನ್ನಿ" ಎನ್ನುತ್ತಿದ್ದರು. ಅವರೊಬ್ಬರೇ ಅಲ್ಲ, ನಮ್ಮ ಕಡೆ ಯಾವ ಗ್ಯಾರೇಜಿನಲ್ಲೂ ಮೀನಿನ ಗಾಡಿಗೆ ಇದೇ ಮರ್ಯಾದೆ. ನೊಣ ಬರುತ್ತದೆ, ಬೆಕ್ಕು ಬರುತ್ತದೆ, ಬೇರೆ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ನಮ್ಮವರು ಗಾಡಿಯನ್ನು ಉಜ್ಜಿ ತೊಳೆದು, ಖಾಲಿ ಮಾಡಿಕೊಂಡು ಹೋದರು. ಮೆಕ್ಯಾನಿಕ್ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಸೀಮೆಸುಣ್ಣದ ಗೆರೆ ಎಳೆದು, ಡಿಮ್ ಲೈಟಿನ ಬೆಳಕು ಆ ಗೆರೆಯಿಂದ ಮೇಲೆ ಹೋಗದ ಹಾಗೆ ಸ್ಕ್ರೂ ತಿರುಗಿಸಿ ಕೊಟ್ಟರು. ಸಂಜೆ ಮತ್ತೆ ಅದೇ ಕತೆ, ಎದುರಿನವರೆಲ್ಲ ಲೈಟು ಹೊಡೆದರು. ಇನ್ನೊಮ್ಮೆ ಹೋದರು. "ಗೆರಿ ದಾಟಿಲ್ಲೆ ಕಾಣಿ! ಲೈಟ್ ಸಮಾ ಇತ್ತ್, ನಿಮ್ಗೇ ಎಂತದೋ ಸಂಶಯ" ಎಂದು ಮೆಕ್ಯಾನಿಕ್ ವಾಪಸು ಕಳಿಸಿದರು.

ಗದ್ದೆಯಲ್ಲಿ ಪೈರು ತೆನೆ ಕಟ್ಟುವ ದಿನಗಳು. ಒಂದು ಮುಸ್ಸಂಜೆ ಧಕ್ಕೆಯಿಂದ ಹೆದ್ದಾರಿಗೆ ಹೋಗುವ ದಾರಿಯ ತಿರುವಿನಲ್ಲಿ ಎದುರಿನಿಂದ ಮೊಪೆಡ್ ಒಂದು ಬಂತು. ಓಡಿಸುತ್ತಿದ್ದವರು ಬಾರ್ಕೂರಿನ ಕಡೆಯ ತೆಂಗಿನಕಾಯಿ ವ್ಯಾಪಾರದ ಹಿರಿಯರು. ನಮ್ಮ ಟೆಂಪೋದ ಬೆಳಕು ಮುಖಕ್ಕೆ ಬಡಿದದ್ದೇ ತಡ, ಅವರಿಗೆ ರಸ್ತೆಯೇ ಕಾಣದಾಯಿತು. ಮೊಪೆಡ್ ಸೀದಾ ಗದ್ದೆಗೆ ಇಳಿಯಿತು. ನಮ್ಮವರು ಗಾಡಿ ನಿಲ್ಲಿಸಿ ಓಡಿಹೋಗಿ ಕೆಸರಿನಿಂದ ಅವರನ್ನು ಎತ್ತಿದರು. ದೇವರು ದೊಡ್ಡವನು, ಕೆಸರು ಮೆತ್ತಗಿತ್ತು, ಒಂದು ತರಚು ಗಾಯವೂ ಆಗಿರಲಿಲ್ಲ. ರಸ್ತೆಯ ಇನ್ನೊಂದು ಬದಿಗೆ ಹೋಗಿದ್ದರೆ ಅಲ್ಲಿ ಮೋರಿಯ ಕಲ್ಲುಗಳಿದ್ದವು.

ಆ ಮುದುಕರು ಕೊಟ್ಟ ಬೈಗುಳ ಇವರಿಗೆ ಮುಟ್ಟಲಿಲ್ಲವಂತೆ. ಕೆಸರು ಒರೆಸಿಕೊಳ್ಳುತ್ತಾ ಅವರು ಮೆಲ್ಲಗೆ ಹೇಳಿದ ಒಂದು ಮಾತು ಮುಟ್ಟಿತಂತೆ. "ಒಂದ್ ಗಳ್ಗಿ ಎಂತದೂ ಕಂಡಿಲ್ಲೆ ಮಾರಾಯ. ಸತ್ತೇ ಹೋದೆ ಅಂದ್ಕಂಡೆ."

ಅವತ್ತು ಮನೆಗೆ ಬಂದವರು ಊಟ ಮುಟ್ಟಲಿಲ್ಲ. ಏಣಿ ಇಟ್ಟು ಅಟ್ಟ ಹತ್ತಿ ಟ್ರಂಕು ಇಳಿಸಿದರು.

"ಇವತ್ತ್ ಒಬ್ರ್ ಜೀವ ತೆಗೀತಿದ್ದೆ. ನಾಳಿಗ್ ಒಪ್ಕಂಡ ಮೀನ್ ಹೇರ್ ಒಂದ್ ಇತ್ತ್, ಅದ್ ಮುಟ್ಸಿ ಗಾಡಿ ಮಾರ್ತೆ. ನಾನ್ ಬೊಂಬಾಯಿಗೆ ಹೋತೆ" ಎಂದರು.

ಬೇರೆ ಹೊತ್ತಾಗಿದ್ದರೆ ನಾನು ಹತ್ತು ಮಾತು ಆಡುತ್ತಿದ್ದೆ. ಅವತ್ತು ಅವರು ಮುಟ್ಟದ ಊಟ ಮುಚ್ಚಿಟ್ಟು ದೀಪ ಆರಿಸಿದೆ. ಟ್ರಂಕಿನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದೆ, ನಿದ್ದೆ ಹತ್ತಿರ ಸುಳಿಯಲಿಲ್ಲ. ಮತ್ತೆ ಆ ಕಾಯುವ ಬಾಳು ನನಗೆ ಬೇಡವಾಗಿತ್ತು.

ಮಾರನೆಯ ಸಂಜೆ ಅವರು ಧಕ್ಕೆಯಲ್ಲಿ ಮೀನು ಹೇರಿಕೊಂಡು ಹೊರಟವರು, ಟಾರ್ಪಾಲಿನ ಹಗ್ಗ ಮರೆತದ್ದಕ್ಕೆ ಮನೆಯ ಅಂಗಳಕ್ಕೆ ಗಾಡಿ ತಿರುಗಿಸಿದರು. ಅವರು ದಿನಾ ಬರುತ್ತಿದ್ದುದು ಮೀನು ಇಳಿಸಿ ಖಾಲಿಯಾದ ಮೇಲೆ. ಆಗ ಲೈಟು ಜಗಲಿಯ ಬುಡದಲ್ಲಿರುವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳುತ್ತಿತ್ತು. ಕಲ್ಲಿನ ಮೇಲೆ ಮರೆತ ಸೋಪನ್ನು ಎಷ್ಟೋ ಸಲ ಆ ಬೆಳಕಿನಲ್ಲೇ ನಾನು ಎತ್ತಿಟ್ಟುಕೊಂಡದ್ದುಂಟು. ಅವತ್ತು ಕಲ್ಲು ಕತ್ತಲಲ್ಲೇ ಉಳಿಯಿತು. ಜಗಲಿಯಲ್ಲಿ ನಿಂತಿದ್ದ ನನ್ನ ಮುಖಕ್ಕೆ ಬೆಳಕು ರಪ್ಪನೆ ಹೊಡೆಯಿತು. ಹೆಂಚಿನ ಮಾಡಿನ ಜಂತಿಯಲ್ಲಿದ್ದ ಹಲ್ಲಿ ಕೂಡ ಕಾಣುತ್ತಿತ್ತು.

"ಹ್ವಾಯ್! ಕಣ್ಣ್ ಕುರ್ಡ್ ಮಾಡ್ತ್ರಿಯಾ? ಡಿಮ್ ಹಾಕಿ!" ಎಂದು ಕಿರುಚಿದೆ.

"ಡಿಮ್ಮೇ ಇತ್ತ್!"

ಸುಳ್ಳು ಹಿಡಿದೇ ಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಇಳಿದೆ. ಕಿಟಕಿಯಿಂದ ಇಣುಕಿದರೆ ಹೌದು, ಸ್ವಿಚ್ಚು ಡಿಮ್ಮಿನಲ್ಲೇ ಇತ್ತು. ಸಿಟ್ಟಿನಲ್ಲಿ ಗಾಡಿಗೆ ಒಂದು ಸುತ್ತು ಬಂದೆ. ಹಿಂದುಗಡೆ ಐಸಿನ ನೀರು ತೊಟ್ಟಿಕ್ಕುತ್ತಿತ್ತು, ಪೆಟ್ಟಿಗೆಗಳ ಭಾರಕ್ಕೆ ಗಾಡಿಯ ಹಿಂಭಾಗ ನೆಲಕ್ಕೆ ಕುಕ್ಕರಿಸಿತ್ತು. ಮುಂಭಾಗ ಮಾತ್ರ ಮೂಗು ಮೇಲೆ ಮಾಡಿಕೊಂಡು ನಿಂತಿತ್ತು.

"ಹ್ವಾಯ್, ಇಲ್ ಬನ್ನಿ, ಕಾಣಿ" ಎಂದೆ. "ಗಾಡಿ ಖಾಲಿ ಇಪ್ಪಾಗ ಕಲ್ಲಿಗ್ ಬೀಳು ಲೈಟ್ ಮೀನ್ ತುಂಬ್ರೆ ಜಂತಿಗ್ ಬೀಳತ್ತಲೆ!"

ಅವರು ಜಂತಿ ನೋಡಿದರು, ಗಾಡಿಯ ಹಿಂಭಾಗ ನೋಡಿದರು, ನನ್ನನ್ನು ನೋಡಿದರು. "ಮೆಕ್ಯಾನಿಕ್ ಖಾಲಿ ಗಾಡಿಗೇ ಸೆಟ್ ಮಾಡದ್ದ್..."

"ಮತ್ತೆ! ಖಾಲಿ ಗಾಡಿ ತಕಂಡ್ ಶಿರೂರಿಗೆ ನೀವ್ ಎಂತ ಗಾಳಿ ಮಾರುಕ್ ಹೋಪ್ದಾ?" ಎಂದೆ.

ಆ ಮೀನನ್ನು ಬೇರೆಯವರ ಗಾಡಿಗೆ ದಾಟಿಸಿ ಕಳಿಸಿದರು. ಮರುದಿನ ಬ್ರಹ್ಮಾವರಕ್ಕೆ ಹೋಗಿ ಮೆಕ್ಯಾನಿಕ್‌ಗೆ ವಿಷಯ ಹೇಳಿದರೆ, ಮೀನು ತುಂಬಿದ ಗಾಡಿ ಗ್ಯಾರೇಜಿಗೆ ಸುತರಾಂ ಬೇಡ, ಬೇಕಾದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ ಎಂದರಂತೆ. ಅವತ್ತೇ ಸಂಜೆ ಮನೆಗೆ ಬಂದರು ಕೂಡ. ಆದರೆ ನಮ್ಮ ಗ್ರಹಚಾರ, ಅವತ್ತು ದೋಣಿಗಳು ಬರಿಗೈಲಿ ಬಂದಿದ್ದವು. ಹೇರಲು ಮೀನೇ ಇಲ್ಲ!

ಆಗಲೇ ಮೀನು ಮಾರುವ ಹೆಂಗಸರು ಪೇಟೆಯಿಂದ ಬುಟ್ಟಿ ಹಿಡಿದು ಹಿಂದಿರುಗುತ್ತಿದ್ದರು. ನಾನು ಅಡ್ಡ ಹೋಗಿ ಎಲ್ಲರನ್ನೂ ಟೆಂಪೋ ಹತ್ತಿಸಿದೆ. ಅವರಲ್ಲಿ ಹಿರಿಯಾಕೆ ಸೊಂಟದ ಮೇಲೆ ಕೈಯಿಟ್ಟು, "ಎಂತ ಹೆಣ್ಣೇ, ನಮ್ಮನ್ನ್ ಬಂಗುಡಿ ಮೀನ್ ಪೆಟ್ಟಿಗಿ ಅಂದ್ಕಂಡ್ಯಾ?" ಎಂದು ಗದರಿದರು.

"ಅಲ್ಲ ಅಕ್ಕಾ, ನೀವ್ ಐಸ್" ಎಂದೆ. ಅವರಿಗೆಲ್ಲ ನಗು ತಡೆಯಲಾಗದೆ ಗಾಡಿ ಅಲ್ಲಾಡಿತು, ಮೆಕ್ಯಾನಿಕ್ "ಅಲ್ಲಾಡ್ಬೇಡಿ ಮಾರ್ರೆ!" ಎಂದು ಕೂಗಿದರು. ಇನ್ನೂ ಭಾರ ಸಾಲದು ಎಂದಾಗ ಅಕ್ಕಪಕ್ಕದ ಮನೆಯವರು ಹತ್ತಿದರು, ಭತ್ತದ ಮೂಟೆಗಳೂ ಹತ್ತಿದವು. ಬೆಳಕು ಜಂತಿಗೆ ಏರಿದ್ದನ್ನು ನೋಡಿ ಮೆಕ್ಯಾನಿಕ್ ತಲೆ ಕೆರೆದುಕೊಂಡು, "ಛೆ, ಎಲ್ಲಾ ಮೀನ್ ಗಾಡಿಗೂ ನಾನ್ ಹಿಂಗೇ ಮಾಡ್ ಕಳ್ಸಿದ್ನಲೆ" ಎಂದರು. ಆಮೇಲೆ ನಮ್ಮ ಗೋಡೆಯ ಮೇಲೆ, ಲೈಟಿನ ಎತ್ತರಕ್ಕಿಂತ ಒಂದಿಷ್ಟು ಕೆಳಗೆ ಗೆರೆ ಎಳೆದು, ಸ್ಕ್ರೂ ತಿರುಗಿಸಿ ತಿರುಗಿಸಿ ಬೆಳಕನ್ನು ಅಲ್ಲಿಗೆ ಇಳಿಸಿದರು.

ನಮ್ಮವರಿಗೆ ಮಾತ್ರ ಗೋಡೆಯನ್ನು ನಂಬುವ ಧೈರ್ಯವಿರಲಿಲ್ಲ. ಹೋಗಿ ಆ ಬಾರ್ಕೂರಿನ ಹಿರಿಯರನ್ನೇ ಕೈ ಮುಗಿದು ಕರೆದುಕೊಂಡು ಬಂದರು. ಗೊಣಗುತ್ತಲೇ ಬಂದ ಅವರು ಕತ್ತಲಾದ ಮೇಲೆ ಅದೇ ತಿರುವಿನಲ್ಲಿ ಆ ಕಡೆಯಿಂದ ಮೊಪೆಡ್ ಹೊರಡಿಸಿದರು. ಈ ಕಡೆಯಿಂದ ಹೆಂಗಸರನ್ನೂ ಮೂಟೆಗಳನ್ನೂ ತುಂಬಿಕೊಂಡ ಟೆಂಪೋ ಮೆಲ್ಲಗೆ ಹೊರಟಿತು. ನಾನು ಗಂಡನ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಮೊಪೆಡ್ ಓಲಾಡಲಿಲ್ಲ, ನಡುವೆ ನಿಲ್ಲಲೂ ಇಲ್ಲ. ನೇರ ಬಂದು ನಮ್ಮ ಕಿಟಕಿಯ ಪಕ್ಕದಲ್ಲೇ ನಿಂತಿತು.

"ಕಣ್ಣಿಗ್ ಎಂತದೂ ಆಯಿಲ್ಲೆ ಮಾರಾಯ. ರಸ್ತಿ ಕಂಡ್ತ್, ನಿನ್ನ್ ಮುಖವೂ ಕಂಡ್ತ್. ಕಾಂಬುಕೆ ಅಷ್ಟ್ ಚಂದ ಇಲ್ಲೆ" ಎಂದರು.

ಹಿಂದಿನಿಂದ ನಗು ಭೋರ್ಗರೆಯಿತು. ನಮ್ಮವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟರು. ಅವರ ಬೆನ್ನು ಸ್ವಲ್ಪ ಹೊತ್ತು ಅದುರುತ್ತಿತ್ತು. ಉಸ್ಸಪ್ಪಾ ಎಂದು ನಾನೂ ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

ಈಗಿನ ಗಾಡಿಗಳಲ್ಲಿ ಭಾರಕ್ಕೆ ತಕ್ಕ ಹಾಗೆ ಲೈಟನ್ನು ಏರಿಸಿ ಇಳಿಸುವ ಗುಂಡಿ ಇರುತ್ತದೆ. ನಮ್ಮ ಟೆಂಪೋದಲ್ಲಿ ಅದಿರಲಿಲ್ಲ. ಮೀನು ತುಂಬಿದ್ದಕ್ಕೆ ಸರಿಯಾದ ಲೈಟು ಖಾಲಿ ಬರುವಾಗ ಚಕ್ರದ ಮುಂದೆಯೇ ಬೀಳುತ್ತಿತ್ತು, ದೂರ ಕಾಣುತ್ತಿರಲಿಲ್ಲ. ಹಾಗಾಗಿ ಅವರು ವಾಪಸು ಬರುವಾಗ ನಿಧಾನ ಬರುತ್ತಿದ್ದರು. ತಡವಾದರೂ ನನಗೆ ಆ ನಿಧಾನವೇ ಸಮಾಧಾನ.

ಮತ್ತೆ ದೋಣಿಗಳಿಗೆ ಮೀನು ಸಿಕ್ಕಿದ ದಿನ ಅವರು ಶಿರೂರಿಗೆ ಹೋಗಿ ಬಂದರು. ಕೈಕಾಲು ತೊಳೆದು ಒಳಗೆ ಬಂದವರು, "ಒಬ್ರೂ ಲೈಟ್ ಹೊಡಿಲ್ಲೆ ಕಾಣ್" ಎಂದರು. ಮಕ್ಕಳ ಹಾಗೆ ನಗುತ್ತಿದ್ದರು. ಆಮೇಲೆ ಮೂಲೆ ನೋಡಿ, "ಟ್ರಂಕ್ ಎಲ್ಲಿತ್ತ್? ಅಟ್ಟಕ್ ಹಾಕ್ತೆ" ಎಂದರು.

"ಅದ್ರಲ್ ಅಕ್ಕಿ ತುಂಬ್ಸಿ ಆಯ್ತ್" ಎಂದೆ ನಾನು, ಒಲೆಯ ಕಡೆ ತಿರುಗಿಕೊಂಡೇ. "ಇನ್ ಅದ್ ಖಾಲಿ ಆತಿಲ್ಲೆ. ಉಂಬುಕ್ ಕೂತ್ಕಣಿ."