ಸೋಮಮ್ಮನ ಐದು ಸೀಟಿನ ಗಾಡಿ

ಕಂಪಲಾಪುರಕ್ಕೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಟೀ ಅಂಗಡಿಯವನು ಈಗಷ್ಟೆ ಒಲೆ ಹಚ್ಚಿ ಹಾಲಿನ ಪಾತ್ರೆ ಇಟ್ಟಿದ್ದಾನೆ. ರಸ್ತೆಯಿಂದ ಒಳಗಿನ ಬೀದಿಯಲ್ಲಿ ಬಿಳಿ ಪಿಕಪ್ಪೊಂದು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆ. ಹೊಂಗೆ ಮರದ ಬುಡದಲ್ಲಿ ಕಾಂಕ್ರೀಟ್ ಕಲಸುವ ಮಿಷನ್ನು ಅದಕ್ಕಾಗಿ ಕಾದು ನಿಂತಿದೆ.

"ಬಾ... ಬಾ... ಇನ್ನೊಂದ್ ಗೇಣು ಬಾ... ಏ ಸಾಕು ಸಾಕು! ನನ್ ಕಾಲ್ ಮೇಲೇ ಹತ್ತುಸ್ಬುಟ್ಟೀಯ!"

"ಮಿಷನ್ ಎಲ್ಲೈತೆ ಅಂತ ಗೊತ್ತು ಸುಂದ್ರಕ್ಕ. ನಿನ್ ಕಾಲು ಎಲ್ಲೈತೆ ಅಂತ ನಂಗೇನ್ ಗೊತ್ತು? ಆಚೆಗಿಡು."

ಸ್ಟೀರಿಂಗ್ ಹಿಡಿದು ಹೀಗೆ ಉತ್ತರ ಕೊಡುವವರು ಸೋಮಮ್ಮ. ಐವತ್ತರ ಆಸುಪಾಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವಲ್ಲು. ಕೆಳಗಿಳಿದು ಮಿಷನ್ನಿನ ಮೂಕಿಯನ್ನು ಎರಡೂ ಕೈಯಲ್ಲಿ ಎತ್ತಿ ಪಿಕಪ್ಪಿನ ಕೊಕ್ಕೆಗೆ ಕೂರಿಸುತ್ತಾರೆ, ಮೇಲಿಂದ ಪಿನ್ನು ಬಿಡುತ್ತಾರೆ. ಎತ್ತಿನಗಾಡಿಯ ಕಾಲ ಮುಗಿದರೂ, ಎಳೆಯುವುದಕ್ಕೂ ಎಳೆಸಿಕೊಳ್ಳುವುದಕ್ಕೂ ನಡುವಿನ ಆ ಉದ್ದನೆಯ ಕಂಬಿಗೆ ಈ ಕಡೆಯ ಬಾಯಲ್ಲಿ ಹೆಸರು ಇನ್ನೂ ಮೂಕಿಯೇ. ಪಿನ್ನು ಕೂತಿತೋ ಇಲ್ಲವೋ ಎಂದು ಒಮ್ಮೆ ಜಗ್ಗಿ ನೋಡಿ, ಕೈ ಒರೆಸಿಕೊಂಡು ಬಾಗಿಲು ತೆಗೆಯುತ್ತಾರೆ. ನಾಲ್ಕು ಜನ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹತ್ತಿ ಕೂರುತ್ತಾರೆ. ಸುಂದ್ರಮ್ಮ ವಯಸ್ಸಿನಲ್ಲಿ ದೊಡ್ಡವರು, ಅವರಿಗೆ ಮುಂದಿನ ಸೀಟು. ಇವತ್ತಿನ ಕೆಲಸ ಕೆ.ಆರ್. ನಗರದ ಆಚೆ ಮಿರ್ಲೆಯಲ್ಲಿ. ಒಂದು ಮನೆಗೆ ಮೋಲ್ಡ್ ಇದೆ.

ಮೋಲ್ಡ್ ಎಂದರೆ ತಾರಸಿಗೆ ಕಾಂಕ್ರೀಟ್ ಹಾಕುವ ದಿನ. ಮನೆ ಕಟ್ಟಿಸುವವರಿಗೆ ಅದು ಗೃಹಪ್ರವೇಶಕ್ಕಿಂತ ದೊಡ್ಡ ದಿನ. ಒಂದು ಸಲ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಎಲ್ಲಿ ನಿಲ್ಲಿಸಿದರೋ ಅಲ್ಲಿ ಮುಂದಿನ ಮಳೆಗಾಲದಲ್ಲಿ ಸೋರುತ್ತದೆ. ಮುಂಚೆ ನೆಲದ ಮೇಲೆ ತಗಡು ಹಾಸಿ, ಜಲ್ಲಿ ಮರಳು ಸಿಮೆಂಟನ್ನು ಸಲಿಕೆಯಲ್ಲಿ ಕಲಸಿ, ಸಾರವೆಯ ಉದ್ದಕ್ಕೂ ಜನ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ಏರಿಸುತ್ತಿದ್ದರು. ಸೋಮಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಆ ಸಾಲಿನಲ್ಲಿ ನಿಂತವರು. ಗಂಡ ಮಂಟಯ್ಯ ಗಾರೆ ಕೆಲಸದವರು. ಗಂಡನ ಕೆಲಸಕ್ಕೆ ಕೈಯಾಳಾಗಿ ಹೋದ ಸೋಮಮ್ಮ, ಬರುಬರುತ್ತಾ ತಮ್ಮದೇ ಗ್ಯಾಂಗು ಕಟ್ಟಿದರು, ಹಳೆಯದೊಂದು ಮಿಷನ್ನು ಕೊಂಡರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಕಡೆ ಅವರ ಗ್ಯಾಂಗು ಹಾಕಿದ ತಾರಸಿಯ ಕೆಳಗೆ ಮಲಗುವ ಕುಟುಂಬಗಳು ಬೇಕಾದಷ್ಟಿವೆ. ಯಾವ ಮನೆಯ ಗೋಡೆಯ ಮೇಲೂ ಅವರ ಹೆಸರಿಲ್ಲ.

ಕೆಲಸಕ್ಕಿಂತ ಕೆಲಸಕ್ಕೆ ಹೋಗಿ ಬರುವುದೇ ಕಷ್ಟವಾಗಿತ್ತು. ಮಿಷನ್ನಿಗೆ ಬಾಡಿಗೆ ಟ್ರ್ಯಾಕ್ಟರ್ ಹೇಳಬೇಕು. ಹೊಗೆಸೊಪ್ಪಿನ ಕಾಲದಲ್ಲಿ ಟ್ರ್ಯಾಕ್ಟರ್ ಸಿಗುವುದೇ ಇಲ್ಲ. ಗ್ಯಾಂಗಿನ ಗಂಡಸರಿಗೆ ಬೈಕುಗಳಿವೆ. ಹೆಂಗಸರು ಬಾಡಿಗೆ ಗೂಡ್ಸ್ ಗಾಡಿಯ ಹಿಂದೆ ಸಲಿಕೆ, ಬಾಂಡ್ಲಿ, ಡೀಸೆಲ್ ಕ್ಯಾನಿನ ಜೊತೆ ನಿಂತು ಹೋಗಬೇಕು. ಸಂಜೆ ಬಸ್ಸು ಹತ್ತಿದರೆ ಸಿಮೆಂಟು ಮೆತ್ತಿದ ಸೀರೆ ನೋಡಿ ಪಕ್ಕದವರು ಸೆರಗು ಎಳೆದುಕೊಳ್ಳುತ್ತಾರೆ.

ಒಂದು ದಿನ ಕೆಲಸ ಮುಗಿಸಿ ಬರುವಾಗ ಗೂಡ್ಸ್ ಗಾಡಿಯವನು ರಸ್ತೆಯ ಉಬ್ಬನ್ನು ನೋಡದೆ ಗಾಡಿ ಹಾರಿಸಿದ. ಹಿಂದೆ ನಿಂತಿದ್ದ ರಾಣಿ ರಸ್ತೆಗೆ ಬಿದ್ದಳು. ರಾಣಿ ಗ್ಯಾಂಗಿನಲ್ಲೇ ಚಿಕ್ಕವಳು, ಕೆಲಸದಲ್ಲಿ ಚುರುಕು. ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಮೇಲೆ ಅವಳ ಅತ್ತೆ ಸೋಮಮ್ಮನ ಬಾಗಿಲಿಗೆ ಬಂದು ನಿಂತರು. "ನಿನ್ ಮೇಲೆ ಕೋಪ ಇಲ್ಲ ಕಣವ್ವ ಸೋಮಿ. ಆದ್ರೆ ಗಾಡಿ ಹಿಂದೆ ನಿಂತ್ಕೊಂಡು ಓಗೋದಾದ್ರೆ ನಮ್ ಸೊಸೆ ಬರಾಕಿಲ್ಲ." ಆ ಮಾತು ಉಳಿದ ಮನೆಗಳಿಗೂ ಹಬ್ಬಿತು. ಸುಂದ್ರಮ್ಮನ ಮಗನೂ ಅದನ್ನೇ ಅಂದ. ಗ್ಯಾಂಗು ಒಡೆಯುವ ಹಾಗಾಯಿತು.

"ಅವತ್ತೇ ಅಂದ್ಕೊಂಡೆ, ಇನ್ಮೇಲೆ ಒಬ್ಬಳನ್ನೂ ಹಿಂದೆ ನಿಲ್ಸಾಕಿಲ್ಲ ಅಂತ," ಎನ್ನುತ್ತಾರೆ ಸೋಮಮ್ಮ. "ನಮ್ದೇ ಒಂದ್ ಗಾಡಿ ಬೇಕು. ದಿನಾ ನಾವ್ ಐದು ಜನ ಕೂತ್ಕೊಂಡು ಓಗ್ಬೇಕು, ಸಾಮಾನು ಇಡ್ಬೇಕು, ಮಿಷನ್ ಎಳೀಬೇಕು. ಮೂರೂ ಒಂದೇ ಗಾಡಿ ಮಾಡ್ಬೇಕು."

ಹುಡುಗಿಯಾಗಿದ್ದಾಗ ಅಣ್ಣನ ಟ್ರ್ಯಾಕ್ಟರನ್ನು ಹೊಲದಲ್ಲಿ ಓಡಿಸಿದ ಕೈ ಅದು. ಹುಣಸೂರಿನಲ್ಲಿ ಕಲಿತು ಲೈಸೆನ್ಸ್ ಮಾಡಿಸಿಕೊಂಡರು. ಗಾಡಿ ಹುಡುಕುವ ಕೆಲಸ ಅದಕ್ಕಿಂತ ಕಷ್ಟವಾಯಿತು, ಯಾಕೆಂದರೆ ಬುದ್ಧಿ ಹೇಳುವವರು ಬೀದಿ ತುಂಬ ಇದ್ದರು. ಮಂಟಯ್ಯನವರಿಗೆ ಸಾಮಾನು ಹೇರಲು ಉದ್ದನೆಯ ಬಾಡಿಯ, ಮುಂದೆ ಮಾತ್ರ ಸೀಟಿರುವ ಪಿಕಪ್ ಬೇಕಿತ್ತು. "ಕೆಲ್ಸ ಇಲ್ದಿದ್ದಾಗ ಬಾಡಿಗೇನಾದ್ರೂ ಹೊಡೀಬೋದು" ಎಂಬುದು ಅವರ ಲೆಕ್ಕ. ಸೋಮಮ್ಮ ಕೇಳಿದ್ದು ಒಂದೇ ಮಾತು: "ರಾಣಿ ಎಲ್ಲಿ ಕೂರ್ತಾಳೆ?" ಇನ್ನೊಬ್ಬರು ಚಿಕ್ಕ ಗಾಡಿ ತೋರಿಸಿದರು. ಎಣ್ಣೆ ಕಡಿಮೆ ಕುಡಿಯುತ್ತದೆ, ಸಂದಿಯಲ್ಲೂ ತಿರುಗುತ್ತದೆ. ಆದರೆ ಮಿಷನ್ ಕಟ್ಟಿದರೆ ಯಾರು ಯಾರನ್ನು ಎಳೆಯುತ್ತಾರೋ ಎನ್ನುವ ಹಾಗಿತ್ತು.

ಮೈಸೂರಿನ ಶೋರೂಮಿಗೆ ಹೋದಾಗ ಸೋಮಮ್ಮ ಒಬ್ಬರೇ ಹೋಗಲಿಲ್ಲ. ಗ್ಯಾಂಗಿನ ಹೆಂಗಸರನ್ನೆಲ್ಲ ಕರೆದುಕೊಂಡು ಹೋದರು. ಅಲ್ಲಿದ್ದ ಹುಡುಗ ಮರ್ಯಾದೆಯಿಂದ ಎಲ್ಲರಿಗೂ ನೀರು ಕೊಟ್ಟು, ಎತ್ತರದ ದೊಡ್ಡ ಪಿಕಪ್ಪೊಂದನ್ನು ತೋರಿಸಿ ಅದರ ಶಕ್ತಿ ವಿವರಿಸಿದ. ಅವನು ಹೇಳಿದ್ದೆಲ್ಲ ನಿಜವೇ, ಮಿಷನ್ನೇನು, ಅದು ಲಾರಿಯನ್ನೂ ಎಳೆಯುವಂತಿತ್ತು. ಕೇಳಿದ ಮೇಲೆ ಸೋಮಮ್ಮ, "ಸುಂದ್ರಕ್ಕ, ಹತ್ತು" ಎಂದರು. ಸುಂದ್ರಮ್ಮ ಸೀರೆ ಎತ್ತಿ ಕಟ್ಟಿ ಒಂದು ಕಾಲಿಟ್ಟರು, ಇಳಿಸಿದರು, ಇನ್ನೊಂದು ಕಾಲಿಟ್ಟರು, ಅದನ್ನೂ ಇಳಿಸಿದರು.

"ಅಲ್ಲ ಕಣಪ್ಪ, ದಸರಾ ಆನೆ ಮೇಲೆ ಹತ್ತೋರ್ಗೂ ಏಣಿ ಕೊಡ್ತಾರೆ. ನಂಗೊಂದು ಏಣಿ ಕೊಡಾಕಿಲ್ವ?"

ಹುಡುಗನೇ ಮೊದಲು ನಕ್ಕ. ಆಮೇಲೆ ಅವನೇ ದಾರಿಯನ್ನೂ ಹೇಳಿದ. ಕೊಡಗಿನ ಕಾಫಿ ತೋಟದವರು ಮಾರುವ ಎರಡು ಸಾಲು ಸೀಟಿನ ಹಳೆಯ ಪಿಕಪ್ಪುಗಳು ಆಗಾಗ ಬರುತ್ತವೆ, ಮೆಟ್ಟಿಲು ತಗ್ಗು, ಎಳೆದು ಪಳಗಿದ ಗಾಡಿಗಳು, ಅಂಥದ್ದನ್ನು ನೋಡಿ ಎಂದ. ಆ ಹುಡುಗನ ಉಪಕಾರವನ್ನು ಸೋಮಮ್ಮ ಈಗಲೂ ನೆನೆಯುತ್ತಾರೆ. ಸ್ವಲ್ಪ ದಿನದಲ್ಲೇ ಅಂಥದೊಂದು ಸಿಕ್ಕಿತು. ಮುಂದೆ ಇಬ್ಬರು, ಹಿಂದೆ ಮೂವರು, ಅದರ ಹಿಂದೆ ಗಿಡ್ಡನೆಯ ಬಾಡಿ. ಸುಂದ್ರಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಕೂತವರು ಇಳಿಯಲಿಲ್ಲ. "ವ್ಯಾಪಾರ ಮುಗುಸ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ" ಅಂದರು.

ಒಂದು ತಪ್ಪನ್ನು ಮಾತ್ರ ಎಲ್ಲರೂ ಸೇರಿ ಮಾಡಿದ್ದರು. ಗಾಡಿಯನ್ನು ಹತ್ತಿ ನೋಡಿದರು, ಓಡಿಸಿ ನೋಡಿದರು, ಮಿಷನ್ನನ್ನು ಕಟ್ಟಿ ನೋಡಲಿಲ್ಲ. ಅದರ ಮೂಕಿ ಟ್ರ್ಯಾಕ್ಟರಿನ ಅಳತೆಗೆ ಮಾಡಿದ್ದು. ಪಿಕಪ್ಪಿಗೆ ಕಟ್ಟಿದಾಗ ಮಿಷನ್ನಿನ ಮುಂದಲ ಭಾಗ ಮೇಲೆದ್ದು ಹಿಂದಲ ಭಾಗ ನೆಲಕ್ಕೆ ಬಾಗಿತು. ಹುಣಸೂರು ಪೇಟೆಯ ನಡುವೆ, ಒಂದು ಸಣ್ಣ ಉಬ್ಬಿನ ಮೇಲೆ, ಮಿಷನ್ನು ಕುಂಡೆ ಊರಿ ಕೂತೇಬಿಟ್ಟಿತು. ಹಿಂದೆ ಮುಂದೆ ಹಾರನ್ನು. "ಅಕ್ಕೋ, ಉಳುಮೆ ಮಾಡ್ತಿದ್ದೀರಾ?" ಎಂದು ಯಾರೋ ಕೂಗಿದರು. "ಹೂಂ ಕಣಪ್ಪ, ಬಿತ್ತಾಕೆ ನೀನ್ ಬಾ" ಎಂದು ಕಿಟಕಿಯಿಂದ ಸುಂದ್ರಮ್ಮ.

ತಳ್ಳಿಸಿಕೊಂಡು ಸೇರಿದ್ದು ಗಯಾಸುದ್ದೀನರ ವೆಲ್ಡಿಂಗ್ ಅಂಗಡಿಗೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಕೊಳವೆಗಳಿಂದ ಕಿಟಕಿ ಸರಳಿನ ತನಕ ಎಲ್ಲವನ್ನೂ ಬೆಸೆಯುವ ಹಳೆಯ ಕೈ. ಅವರು ಬಗ್ಗಿ ನೋಡಿ ಗಡ್ಡ ನೀವಿಕೊಂಡರು.

"ಗಾಡಿ ಸರಿ ಐತೆ ಸೋಮಕ್ಕಾ, ಫಿಕರ್ ಮಾಡ್ಬೇಡಿ. ಹೆಣ್ಣೂ ಚೆನ್ನಾಗೈತೆ, ಗಂಡೂ ಚೆನ್ನಾಗೈತೆ. ಜೋಡಿ ಎತ್ತರ ಮಾತ್ರ ಸರಿ ಇಲ್ಲ."

"ಅಂಗಾದ್ರೆ ಯಾರನ್ನ ಕತ್ತರುಸ್ತೀರಿ ಸಾಬ್ರೆ?"

"ಮಿಷನ್ನ. ಗಾಡಿ ಮುಟ್ಟಿದ್ರೆ ನಿಮ್ ಸುಂದ್ರಮ್ಮ ನನ್ ಕೈ ಕತ್ತರುಸ್ತಾರೆ."

ಮೂಕಿಯನ್ನು ಕತ್ತರಿಸಿ, ಪಿಕಪ್ಪಿನ ಕೊಕ್ಕೆಯ ಎತ್ತರಕ್ಕೆ ಮಡಚಿ, ಮತ್ತೆ ಬೆಸೆದರು. ಸಂಜೆಯ ಹೊತ್ತಿಗೆ ಮಿಷನ್ನು ಪಿಕಪ್ಪಿನ ಹಿಂದೆ ನೆಟ್ಟಗೆ ನಿಂತಿತು.

ಹೊಸ ಗಾಡಿಗೆ ಮೊದಲ ಕೆಲಸ ಸರಗೂರಿನ ಕಡೆ, ದೊಡ್ಡಮಾದಯ್ಯ ಎಂಬ ರೈತರ ಮನೆಯ ಮೋಲ್ಡ್. ಹೆಂಗಸರ ಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ರಾಣಿಯ ಅತ್ತೆ, ಸೊಸೆ ಸೀಟಿನಲ್ಲಿ ಕೂತದ್ದನ್ನು ಕಂಡ ಮೇಲೆ ಮನೆಯೊಳಗೆ ಹೋದರು. ಹಿಂದಿನ ರಾತ್ರಿ ಮಳೆಯಾಗಿತ್ತು. ಕೋಟೆ ದಾಟಿದ ಮೇಲೆ ಒಂದು ಏರು ಸಿಗುತ್ತದೆ. ಅಲ್ಲಿ ರಸ್ತೆ ರಿಪೇರಿಗೆಂದು ಡಾಂಬರು ಕಿತ್ತು ಕೆಮ್ಮಣ್ಣು ಹರಡಿದ್ದರು. ಏರಿನ ಅರ್ಧದಲ್ಲಿ ಪಿಕಪ್ಪಿನ ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತತೊಡಗಿದವು. ಕೆಸರು ಹಾರಿತು, ಗಾಡಿ ಕದಲಲಿಲ್ಲ. ಬೈಕಿನಲ್ಲಿ ಹಿಂದೆ ಬರುತ್ತಿದ್ದ ಮಂಟಯ್ಯ ಓಡಿ ಬಂದು ಚಕ್ರಗಳಿಗೆ ಕಲ್ಲು ಕೊಟ್ಟರು.

"ಹಿಂದೆ ಭಾರ ಇಲ್ಲ ಕಣೆ, ಅದ್ಕೇ ಟೈರು ನೆಲ ಕಚ್ತಿಲ್ಲ. ಹೆಂಗಸ್ರು ಇಳೀರಿ. ಬಾಡಿ ಮೇಲೆ ನಿಂತ್ಕೊಳ್ಳಿ. ಏರು ದಾಟೋಗಂಟ ಅಷ್ಟೇ."

ಮಂಟಯ್ಯ ಹೇಳಿದ್ದು ತಪ್ಪಲ್ಲ. ಗಿಡ್ಡನೆಯ ಬಾಡಿಯಲ್ಲಿದ್ದದ್ದು ಬಾಂಡ್ಲಿ, ಸಲಿಕೆ, ಕಾಂಕ್ರೀಟ್ ಅದುರಿಸುವ ವೈಬ್ರೇಟರು, ಡೀಸೆಲ್ ಕ್ಯಾನು, ಎಲ್ಲ ಹಗುರ. ಆ ಕಡೆ ದೊಡ್ಡಮಾದಯ್ಯನವರ ಮನೆಯಲ್ಲಿ ಕಂಬಿ ಕಟ್ಟಿ ಎಲ್ಲ ಸಿದ್ಧವಾಗಿತ್ತು. ಮೋಡ ಮತ್ತೆ ಕಟ್ಟುತ್ತಿತ್ತು. ರಾಣಿ ಇಳಿಯಲೆಂದು ಬಾಗಿಲ ಹಿಡಿಗೆ ಕೈ ಹಾಕಿದಳು.

"ಕೈ ತೆಗಿ ರಾಣಿ," ಎಂದರು ಸೋಮಮ್ಮ. "ಇವತ್ತು ಅರ್ಧ ಏರಿಗೆ ಅಂತ ಹಿಂದೆ ಹತ್ತಿದ್ರೆ ನಾಳೆ ಕೋಟೆಗಂಟ ಹಿಂದೇನೇ ನಿಲ್ಬೇಕಾಯ್ತದೆ."

ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ರಸ್ತೆ ರಿಪೇರಿಯವರು ಪಕ್ಕದಲ್ಲೇ ಜಲ್ಲಿ ಗುಡ್ಡೆ ಹಾಕಿದ್ದರು. ಸೋಮಮ್ಮನ ಮುಖದಲ್ಲಿ ನಗು ಬಂತು.

"ಭಾರ ತಾನೆ ಬೇಕು? ಇಳೀರಿ ಎಲ್ಲ. ಬಾಂಡ್ಲಿ ತಗೊಳ್ಳಿ!"

ಅದೊಂದು ಮಾತು ಸಾಕಾಯಿತು. ಜಲ್ಲಿ ತುಂಬುವುದನ್ನು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗುಡ್ಡೆಯಿಂದ ಗಾಡಿಗೆ ಸಾಲು ನಿಂತರು. ಬಾಂಡ್ಲಿ ಕೈಯಿಂದ ಕೈಗೆ ಹಾರಿತು. ಸುಂದ್ರಮ್ಮ ತುಂಬುತ್ತಾ, "ಬಿರ್ರನೆ ಕಣ್ರೇ, ಮೋಲ್ಡ್ ಇಲ್ಲೇ ಹಾಕ್ತಿದ್ದೀವಿ ಅಂದ್ಕೊಳ್ಳಿ" ಎಂದರು. ಗ್ಯಾಂಗಿನ ಗಂಡಸರೂ ಬೈಕು ನಿಲ್ಲಿಸಿ ಸೇರಿಕೊಂಡರು. ಮಂಟಯ್ಯ ಅಂಗಿ ತೋಳು ಮಡಚಿ ತಾವೂ ಒಂದು ಸಲಿಕೆ ಹಿಡಿದರು. ಬಾಡಿಯ ಹಿಂತುದಿಯಲ್ಲಿ ಜಲ್ಲಿ ಗುಪ್ಪೆಯಾಯಿತು, ಟೈರು ಕೆಸರಿಗೆ ಅದುಮಿಕೊಂಡಿತು.

ಹೆಂಗಸರು ಕಾಲು ಝಾಡಿಸಿ ಮತ್ತೆ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಸೋಮಮ್ಮ ಗೇರು ಹಾಕಿ ಕ್ಲಚ್ಚನ್ನು ಮೆಲ್ಲಮೆಲ್ಲಗೆ ಬಿಟ್ಟರು. ಗಾಡಿ ಒಮ್ಮೆ ನಡುಗಿತು, ಒಂದು ಮೊಳ ಸರಿಯಿತು, ಮತ್ತೊಂದು ಮೊಳ. ಆಮೇಲೆ ಮಿಷನ್ನನ್ನು ಎಳೆದುಕೊಂಡು, ಐದು ಜನರನ್ನು ಕೂರಿಸಿಕೊಂಡು, ಏರಿನ ನೆತ್ತಿಯ ತನಕ ನಿಲ್ಲದೆ ಹೋಯಿತು. ಒಳಗಿಂದ ಎದ್ದ ಕೇಕೆ ಕೆಳಗಿದ್ದ ಗಂಡಸರಿಗೂ ಕೇಳಿಸಿತು. "ನನ್ ಪಕ್ಕ ಕೂತಿದ್ದ ಸುಂದ್ರಕ್ಕ ಒಂದೇ ಸಮ ಡ್ಯಾಶ್‌ಬೋರ್ಡ್ ಬಡೀತಿದ್ಲು, ಎತ್ತಿನ ಬೆನ್ ತಟ್ದಂಗೆ," ಎಂದು ನೆನೆದು ಸೋಮಮ್ಮ ಈಗಲೂ ನಗುತ್ತಾರೆ.

ಅವತ್ತು ದೊಡ್ಡಮಾದಯ್ಯನವರ ತಾರಸಿ ಎಲ್ಲೂ ನಿಲ್ಲದೆ ಮುಗಿಯಿತು. ಮುಗಿದ ಮೇಲೆ ಮಳೆ ಬಂತು. ಬೆಳಿಗ್ಗೆ ತೆಗೆದ ಜಲ್ಲಿಯನ್ನು ಮರಳುವ ದಾರಿಯಲ್ಲಿ ಅದೇ ಗುಡ್ಡೆಗೆ ಸುರಿದು, ಮಳೆ ಸುರಿಯುವಾಗಲೇ ಎಲ್ಲರೂ ಮನೆ ಸೇರಿದರು. ರಾಣಿಯ ಅತ್ತೆ ಸೊಸೆಯ ಸೆರಗು ಮುಟ್ಟಿ ನೋಡಿದರು. ಇಷ್ಟು ಮಳೆಯಲ್ಲೂ ಒದ್ದೆಯಾಗಿದ್ದದ್ದು ಅಂಚು ಮಾತ್ರ. "ನಾಳೆ ಎಷ್ಟೊತ್ಗೆ ಓಗ್ಬೇಕು?" ಎಂದಷ್ಟೇ ಕೇಳಿದರಂತೆ.

ಅದಾಗಿ ಎರಡು ಮಳೆಗಾಲ ಕಳೆದಿದೆ. ಈಗ ಗಾಡಿಯಲ್ಲಿ ಭಾರಕ್ಕೆಂದೇ ಮರಳಿನ ಚೀಲಗಳಿರುತ್ತವೆ. ಮಂಟಯ್ಯನವರು ಬೇರೆ ಮೇಸ್ತ್ರಿಗಳ ಮುಂದೆ "ಡಬಲ್ ಸೀಟಿಂದೇ ತಗೊಳ್ರಪ್ಪ" ಎಂದು ತಮ್ಮದೇ ಯೋಚನೆ ಎಂಬಂತೆ ಹೇಳುತ್ತಾರೆ. ಸೋಮಮ್ಮ ಅದನ್ನು ತಿದ್ದಲು ಹೋಗುವುದಿಲ್ಲ.

ಇವತ್ತು ಮಿರ್ಲೆಗೆ ಹೊರಡುವ ಹೊತ್ತಿಗೆ ನೀಲಾಂಬಿಕೆ ಎಂಬ ಪಕ್ಕದ ಬೀದಿಯ ಹೆಂಗಸು ಊಟದ ಡಬ್ಬಿ ಹಿಡಿದು ಓಡಿ ಬರುತ್ತಾರೆ. ಗ್ಯಾಂಗಿಗೆ ಸೇರಬೇಕೆಂದು ಬಹಳ ದಿನದಿಂದ ಕೇಳುತ್ತಿರುವವರು. ಅವರಂತೆ ಕೇಳಿಕೊಂಡವರು ಇನ್ನೂ ಇದ್ದಾರೆ.

"ಅಕ್ಕ, ಸೀಟಿಲ್ದಿದ್ರೆ ಬುಡು. ನಾನು ಹಿಂದೆ ನಿಂತ್ಕೊಂಡೇ ಬತ್ತೀನಿ."

ಸೋಮಮ್ಮ ಎಂಜಿನ್ ಆರಿಸುತ್ತಾರೆ. ಈ ಮಾತಿಗೆ ಗಾಡಿ ನಿಲ್ಲಿಸಿಯೇ ಉತ್ತರ ಕೊಡಬೇಕು ಎನ್ನುವ ಹಾಗೆ.

"ನಿನ್ನಂಗೆ ಕೇಳ್ದೋರು ಇನ್ನೂ ನಾಕು ಜನ ಅವ್ರೆ ಕಣವ್ವ. ಇನ್ನೊಂದು ಗಾಡಿ ತರ್ಬೇಕು ಅಂತ ನಂಗೂ ಆಸೆ ಐತೆ. ರಾಣಿ ಓಡ್ಸೋದ್ ಕಲೀತಾವ್ಳೆ. ಅದು ಬಂದ ದಿನ ಮೊದ್ಲು ನೀನೇ ಹತ್ತಿ ಕೂತ್ಕೊ." ಮತ್ತೆ ಕೀಲಿ ತಿರುಗಿಸುತ್ತಾ ಹೇಳುತ್ತಾರೆ, "ಅಲ್ಲಿಗಂಟ ತಡ್ಕೊ. ಹಿಂದೆ ನಿಂತ್ಕೊಂಡು ಬರೋರು ನಮ್ ಗ್ಯಾಂಗಲ್ಲಿಲ್ಲ."