ಸೇತುವೆ ಪೂರ್ತಿ ಕಾಣುವ ಜಾಗ

ನಮ್ಮ ಬೀದಿಯ ನೆವಿಲ್ ತಾತ ಸಿಡ್ನಿಯಲ್ಲೇ ಹುಟ್ಟಿ ಬೆಳೆದವರು. ಆದರೂ ಬಂದರಿನ ಸೇತುವೆಯನ್ನು ದಿನವೂ ಹೊಸದಾಗಿ ಕಂಡುಹಿಡಿಯುತ್ತಾರೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದು, "ಬಾರಮ್ಮ ಟೆಸ್, ಇವತ್ತು ಸಿಕ್ಕೇಬಿಟ್ಟಿತು ಜಾಗ!" ಎಂದು ನನ್ನನ್ನು ಹೊರಡಿಸುತ್ತಾರೆ. ಲ್ಯಾವೆಂಡರ್ ಕೊಲ್ಲಿ, ಕಿರಿಬಿಲ್ಲಿ, ದೋಣಿಕಟ್ಟೆ, ಯಾರದೋ ಮನೆಯ ಹಿತ್ತಿಲು, ಯಾವುದನ್ನೂ ಬಿಟ್ಟಿಲ್ಲ. ಹೋದಲ್ಲೆಲ್ಲ ಕುಕ್ಕರುಗಾಲಲ್ಲಿ ಕೂತು ಫೋಟೊ ತೆಗೆದು, "ಥೂ, ಅಡ್ಡಕ್ಕೆ ಬರೀ ಬೇಲಿ ಕಂಬಿ!" ಎಂದು ಏಳುತ್ತಾರೆ. ಕೈ ಕೊಸರಿಕೊಂಡು ಓಡುವ ನನ್ನ ಮಗುವಿನ ಜೊತೆಗೆ, ಇವರೂ ಎಲ್ಲಿ ಜಾರಿ ನೀರಿಗೆ ಬೀಳುತ್ತಾರೋ ಎಂದು ಕಾಯುವುದು ನನ್ನ ಪಾಡು. "ಈ ಮಂಡೀಲಿ ಇದೇನು ಹುಚ್ಚು ತಾತ? ನಿಂತ್ಕೊಂಡು ತೆಗೀಬಾರದಾ?" ಎಂದು ಒಮ್ಮೆ ಗದರಿದೆ. "ಸೊಂಟ ಮುರಿದ ಮೇಲೆ ಬೆರಿಲ್ ಎಲ್ಲಿ ನಿಲ್ತಾಳಮ್ಮ? ವೀಲ್‌ಚೇರಿನ ಎತ್ತರಕ್ಕೆ ಕಾಣಬೇಕು," ಎಂದರು. ನಿನ್ನೆ ಬ್ಲೂಸ್ ಪಾಯಿಂಟ್‌ನ ಹುಲ್ಲಿನ ಮೇಲೆ ಕೂತವರು ಎದ್ದು ಕುಣಿದೇಬಿಟ್ಟರು. ಇವತ್ತು ಬೆಳಿಗ್ಗೆ ಹೆಂಡತಿ ಬೆರಿಲ್ ಅವರನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದು ಅಲ್ಲೇ ನಿಲ್ಲಿಸಿದರು. "ಕಾಣ್ತಿದೆಯಾ? ಆ ಕಡೆಯಿಂದ ಈ ಕಡೆವರೆಗೂ ಕಾಣ್ತಿದೆಯಾ?" ಎಂದು ಎದುರು ನಿಂತು ಕೈ ಬೀಸಿದರು. "ಕಾಣ್ತಿತ್ತು ಮಹಾರಾಯ, ನೀನು ಅಡ್ಡ ಬರೋವರೆಗೂ!" ಎಂದರು ಬೆರಿಲ್, ಕಣ್ಣೊರೆಸಿಕೊಳ್ಳುತ್ತ.